ಲಂಡನ್ ಟವರ್: ಮೊದಲು ಒಡವೆ, ಆಮೇಲೆ ಕೋಟೆ

ಲಂಡನ್ ಟವರ್‌ಗೆ ನಾನು ಮೊದಲ ಸಲ ಹೋದಾಗ ಒಡವೆಗಳ ಸಾಲಿನಲ್ಲೇ ಹೊತ್ತು ಕಳೆದುಹೋಯಿತು. ಎರಡನೇ ಸಲ ಕ್ರಮ ಬದಲಿಸಿದೆ. ನೀವೂ ಟಿಕೆಟ್ ಮುಂಗಡವಾಗಿ ತೆಗೆದಿಟ್ಟುಕೊಂಡು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ನೇರ ರಾಜಮನೆತನದ ಒಡವೆಗಳಿರುವ ಜ್ಯುವೆಲ್ ಹೌಸ್ ಕಡೆ ನಡೆಯಿರಿ. ಒಳಗೆ ಫೋಟೊ ತೆಗೆಯುವಂತಿಲ್ಲ. 1849ರಲ್ಲಿ ಪಂಜಾಬಿನ ಹತ್ತು ವರ್ಷದ ಬಾಲಕ ಮಹಾರಾಜ ದುಲೀಪ್ ಸಿಂಗನಿಂದ ಬ್ರಿಟಿಷರು ಪಡೆದ ಕೊಹಿನೂರ್ ವಜ್ರ ಅಲ್ಲೇ ಇದೆ. ಅದರ ಮುಂದೆ ನಿಂತಾಗ ನನಗೆ ಹೊಳಪಿಗಿಂತ ಆ ಹುಡುಗನೇ ನೆನಪಾದ.

ಆಮೇಲೆ ಕೆಂಪು ಅಂಚಿನ ಕಡುನೀಲಿ ಉಡುಪಿನ ಯೋಮನ್ ವಾರ್ಡರ್‌ಗಳ (ಕೋಟೆಯ ಕಾವಲುಗಾರರ) ಜೊತೆ ಸುತ್ತಾಡಿ. ಅದಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ಅವರೆಲ್ಲ ಮಾಜಿ ಸೈನಿಕರು. ಕಥೆ ಹೇಳುವುದು ಅವರಿಗೆ ಚೆನ್ನಾಗಿ ಒಲಿದಿದೆ.

ಕೋಟೆಯ ನಡುವಿನ ಹಳೆಯ ಗೋಪುರ ವೈಟ್ ಟವರ್ ಹತ್ತುವ ಮುನ್ನ ಅದರ ಬಾಗಿಲನ್ನು ಗಮನಿಸಿ. ಅದು ನೆಲದ ಮಟ್ಟದಲ್ಲಿಲ್ಲ, ಮೇಲಿದೆ. ಮುತ್ತಿಗೆ ಬಿದ್ದರೆ ಮರದ ಮೆಟ್ಟಿಲನ್ನು ತೆಗೆದುಹಾಕಲೆಂದೇ ಹಾಗೆ ಕಟ್ಟಿದ್ದು. ಒಳಗೆ ರಾಜ ಎಂಟನೇ ಹೆನ್ರಿಯ ಉಕ್ಕಿನ ಕವಚಗಳಿವೆ. ಸುರುಳಿ ಮೆಟ್ಟಿಲು ಕಿರಿದು, ಅಂಗಳದಲ್ಲಿ ಉರುಟು ಕಲ್ಲುಹಾಸು. ಮೊಣಕಾಲು ನೋವಿರುವವರು ಗಟ್ಟಿ ಚಪ್ಪಟೆ ಬೂಟು ಹಾಕಿಕೊಳ್ಳಿ.

ಹಿಂದೆ ಸೆರೆಮನೆಯಾಗಿದ್ದ ಬೀಚಮ್ (Beauchamp) ಟವರ್ ಮಾತ್ರ ಬಿಡಬೇಡಿ. ಕೈದಿಗಳು ಗೋಡೆಯಲ್ಲಿ ಹೆಸರು, ಪ್ರಾರ್ಥನೆ, ಮನೆತನದ ಲಾಂಛನ ಕೊರೆದಿದ್ದಾರೆ. ಒಂದು ಕಡೆ ‘ಜೇನ್’ ಎಂಬ ಹೆಸರಷ್ಟೇ ಇದೆ; ಅದು ಒಂಬತ್ತು ದಿನದ ರಾಣಿ ಲೇಡಿ ಜೇನ್ ಗ್ರೇಯ ಹೆಸರು ಎನ್ನುತ್ತಾರೆ. ಅಲ್ಲಿ ನಾನು ಅರ್ಧ ಗಂಟೆ ನಿಂತಿದ್ದೆ. ಕಿರೀಟಗಳಿಗೆ ಕೊಡುವ ಸಮಯದಲ್ಲಿ ಸ್ವಲ್ಪ ಕಡಿಮೆ ಮಾಡಿಯಾದರೂ ಈ ಗೋಡೆಗೆ ಕೊಡಿ.