ಓಪನ್ ಸೋರ್ಸ್ ಲೈಸೆನ್ಸ್ ಓದುವ ಕ್ರಮ: ಸಾಫ್ಟ್‌ವೇರ್ ಗಿರಾಕಿಯ ಕೈಗೆ ಹೋಗುವ ಮೊದಲು

ಗೇರುಬೀಜ ಕಾರ್ಖಾನೆಯ ಸ್ಟಾಕ್ ಇರಲಿ, ಸಹಕಾರಿ ಸಂಘದ ಠೇವಣಿ ಲೆಕ್ಕ ಇರಲಿ, ಮಲ್ಪೆ ಬಂದರಿನ ಏಲಂ ಬಿಲ್ ಇರಲಿ, ಮಂಗಳೂರು–ಉಡುಪಿಯ ಸಣ್ಣ ಆಫೀಸುಗಳು ಮಾಡಿಕೊಡುವ ಪ್ರೋಗ್ರಾಮುಗಳಲ್ಲಿ ತಾವೇ ಬರೆದ ಕೋಡಿಗಿಂತ ಬೇರೆಯವರು ಬರೆದು ಎಲ್ಲರೂ ಬಳಸಲು, ತಿದ್ದಲು, ಹಂಚಲು ಬಿಟ್ಟ ಓಪನ್ ಸೋರ್ಸ್ ಕೋಡೇ ಹೆಚ್ಚಿರುತ್ತದೆ. ಅದರ ಒಂದೊಂದು ತುಂಡಿನ ಜೊತೆಗೂ ಒಂದು ಲೈಸೆನ್ಸ್, ಅಂದರೆ ಬಳಕೆಯ ಅನುಮತಿ ಮತ್ತು ಷರತ್ತುಗಳ ಬರಹ, ಬರುತ್ತದೆ. ಓದಲಾಗದಷ್ಟು ಕಷ್ಟದ ಬರಹ ಅದಲ್ಲ. ಎಂಐಟಿ ಲೈಸೆನ್ಸಿನಲ್ಲಿ ಇರುವುದು ಮೂರೇ ಪ್ಯಾರಾ. ಏನನ್ನು ಹುಡುಕಬೇಕೆಂದು ತಿಳಿಯದೆ ಓದಿದಾಗ ಮಾತ್ರ ತಲೆ ಕೆಡುತ್ತದೆ. ಹುಡುಕಬೇಕಾದ್ದು ಮುಖ್ಯವಾಗಿ ಒಂದು: ಏನು ಮಾಡಿದಾಗ ಷರತ್ತು ನಿಮ್ಮ ಮೇಲೆ ಬೀಳುತ್ತದೆ? ಬಳಸಿದಾಗಲೋ, ತಿದ್ದಿದಾಗಲೋ, ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟಾಗಲೋ, ಸರ್ವರಿನಲ್ಲಿಟ್ಟು ಬೇರೆಯವರಿಗೆ ಬಳಸಲು ಬಿಟ್ಟಾಗಲೋ?

ಉದಾಹರಣೆಗೆ ಏಲಂ ಬಿಲ್ಲನ್ನೇ ತೆಗೆದುಕೊಳ್ಳೋಣ. ಬೋಟಿನ ಹೆಸರು, ಬಂಗುಡೆಯೋ ಬೂತಾಯಿಯೋ ಅಂಜಲೋ, ತೂಕ, ದರ ಇಷ್ಟನ್ನು ತುಂಬಿದರೆ ಕನ್ನಡದಲ್ಲಿ ಪಿಡಿಎಫ್ ಬಿಲ್ ಬರಬೇಕು. ಪರದೆಗೆ ರಿಯಾಕ್ಟ್, ಆಂಡ್ರಾಯ್ಡ್ ಆ್ಯಪಿಗೆ ಓಕೆಎಚ್‌ಟಿಟಿಪಿ, ಪಿಡಿಎಫ್‌ಗೆ ಐಟೆಕ್ಸ್ಟ್, ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ. ಇವು ನಾಲ್ಕೂ ಬೇರೆಯವರ ಓಪನ್ ಸೋರ್ಸ್ ತುಂಡುಗಳು, ನಾಲ್ಕಕ್ಕೂ ಬೇರೆ ಬೇರೆ ಲೈಸೆನ್ಸ್. ಅವುಗಳಲ್ಲಿ ಒಂದು ನಿಮ್ಮ ಇಡೀ ಕೋಡನ್ನು ತೆರೆದಿಡಲು ಹೇಳುತ್ತದೆ.

ಯಾವ ಲೈಸೆನ್ಸ್ ಎಂದು ಮೊದಲು ಖಚಿತ ಮಾಡಿಕೊಳ್ಳಿ

ರೀಡ್‌ಮಿ ಪುಟದಲ್ಲಿ ಕಾಣುವ ಸಣ್ಣ ಚಿಹ್ನೆಯನ್ನು ನಂಬಿ ಕೂರಬೇಡಿ. ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಹೆಸರಿನ ಫೈಲ್ ತೆರೆಯಿರಿ. ಆಮೇಲೆ ನಾಲ್ಕಾರು ಸೋರ್ಸ್ ಫೈಲುಗಳ ತಲೆಯಲ್ಲಿ ಏನು ಬರೆದಿದೆ ನೋಡಿ. ಲೈಸೆನ್ಸಿನ ಹೆಸರನ್ನು ಚುಟುಕಾಗಿ ಹೇಳುವ ಎಸ್‌ಪಿಡಿಎಕ್ಸ್ ಗುರುತಿನ ಸಾಲಿದ್ದರೆ ಕೆಲಸ ಸುಲಭ. ಬೇರೆಯವರ ಕೋಡನ್ನು ನಕಲಿಸಿಟ್ಟ ಒಳಫೋಲ್ಡರುಗಳನ್ನು ಬಿಡಬೇಡಿ. ಹೊರಗೆ ಎಂಐಟಿ, ಒಳಗಿನ ಒಂದು ಫೋಲ್ಡರಿಗೆ ಜಿಪಿಎಲ್ (ಪ್ರತಿ ಕೊಟ್ಟಾಗ ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ ಬಿಗಿ ಲೈಸೆನ್ಸ್) ಎಂದಿರುವುದೂ ಉಂಟು. ಎರಡು ಕಡೆ ಎರಡು ಮಾತಿದ್ದರೆ, ಲೇಖಕರಿಂದ ಉತ್ತರ ಬರುವ ತನಕ ಬಿಗಿಯಾದದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ‘ಜಿಪಿಎಲ್’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. 1991ರ ಎರಡನೇ ಆವೃತ್ತಿ ಬೇರೆ, 2007ರ ಮೂರನೇ ಆವೃತ್ತಿ ಬೇರೆ. ‘ಎರಡು ಮಾತ್ರ’ ಎಂಬುದು ಬೇರೆ, ‘ಎರಡು ಅಥವಾ ಮುಂದಿನದು’ ಎಂಬುದು ಬೇರೆ. ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು) ಇರುವುದು ‘ಎರಡು ಮಾತ್ರ’ದಲ್ಲಿ. ಈ ಒಂದು ಪದದಿಂದಾಗಿಯೇ ಎಷ್ಟೋ ಕೋಡುಗಳನ್ನು ಒಟ್ಟಿಗೆ ಸೇರಿಸಲಾಗುವುದಿಲ್ಲ.

ಲೈಸೆನ್ಸೇ ಇಲ್ಲದಿದ್ದರೆ? ಯಾರು ಬೇಕಾದರೂ ಬಳಸಬಹುದು ಎಂದು ಹಲವರು ತಿಳಿಯುತ್ತಾರೆ. ಅದು ತಪ್ಪು. ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ, ಲೇಖಕರ ಆಯುಷ್ಯದ ನಂತರವೂ 60 ವರ್ಷ ಉಳಿಯುತ್ತದೆ. ಕೋಡು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಕೋಡನ್ನು ಆ ತಾಣದೊಳಗೆ ನೋಡಬಹುದು, ಫೋರ್ಕ್ ಮಾಡಬಹುದು (ಅಲ್ಲೇ ತಮ್ಮದೊಂದು ಪ್ರತಿ ಮಾಡಿಕೊಳ್ಳಬಹುದು), ಅಷ್ಟೇ. ನಿಮ್ಮ ಉತ್ಪನ್ನಕ್ಕೆ ಸೇರಿಸುವಂತಿಲ್ಲ. ಲೈಸೆನ್ಸ್ ಸೇರಿಸಿ ಎಂದು ಲೇಖಕರನ್ನು ಕೇಳಿ, ಒಪ್ಪದಿದ್ದರೆ ಬೇರೆ ಹುಡುಕಿ. ಪ್ರಾಜೆಕ್ಟ್ ಹಾಕುವ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕು: ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಹಾಕಿದ ಕೋಡು ಒಂದು ಫೈಲ್ ಇಲ್ಲದ ಕಾರಣಕ್ಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಸುಲಭದ ಷರತ್ತುಗಳು

ರಿಯಾಕ್ಟ್‌ಗೆ ಇರುವುದು ಎಂಐಟಿ ಲೈಸೆನ್ಸ್. ಮಣಿಪಾಲದ್ದಲ್ಲ, ಅಮೆರಿಕದ ಮಸಾಚುಸೆಟ್ಸ್ ಸಂಸ್ಥೆಯ ಹೆಸರಿನದು. ಬಳಸಿ, ತಿದ್ದಿ, ಮಾರಿ. ಆದರೆ ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಬರಹವನ್ನೂ ಪ್ರತಿಯ ಜೊತೆ ಇಡಿ. ಇಷ್ಟು ಸಣ್ಣ ಷರತ್ತು ಮುರಿಯುವುದು ಸಾಮಾನ್ಯವಾಗಿ ಬಿಲ್ಡ್ ಮಾಡುವಾಗ, ಅಂದರೆ ಕೋಡನ್ನು ಬಿಡುಗಡೆಗೆ ಸಿದ್ಧಗೊಳಿಸುವಾಗ. ವೆಬ್‌ಪ್ಯಾಕ್ ಎಂಬ ಸಾಧನ ಕೋಡನ್ನು ಕುಗ್ಗಿಸುವಾಗ ಲೈಸೆನ್ಸ್ ಕಾಮೆಂಟುಗಳನ್ನು ಕಿತ್ತು ಪಕ್ಕದಲ್ಲಿ ಬೇರೆಯೇ ಒಂದು ಪಠ್ಯ ಫೈಲಿಗೆ ಹಾಕುತ್ತದೆ. ಸರ್ವರಿಗೆ ಏರಿಸುವವರು ಜಾವಾಸ್ಕ್ರಿಪ್ಟ್ ಫೈಲುಗಳನ್ನು ಮಾತ್ರ ಏರಿಸಿ ಅದನ್ನು ಬಿಟ್ಟರೆ ಷರತ್ತು ತಪ್ಪಿದಂತೆಯೇ.

ಓಕೆಎಚ್‌ಟಿಟಿಪಿ ಇರುವುದು 2004ರ ಅಪಾಚೆ 2.0 ಅಡಿಯಲ್ಲಿ. ಲೈಸೆನ್ಸಿನ ಪ್ರತಿ ಕೊಡಬೇಕು, ತಿದ್ದಿದ ಫೈಲಿನಲ್ಲಿ ತಿದ್ದಿದ್ದೇವೆ ಎಂದು ಎದ್ದು ಕಾಣುವಂತೆ ಬರೆಯಬೇಕು, ಮೂಲದಲ್ಲಿ ನೋಟೀಸ್ ಫೈಲ್ ಇದ್ದರೆ ಅದರಲ್ಲಿನ ಹೆಸರುಗಳನ್ನು ಮುಂದಕ್ಕೆ ಸಾಗಿಸಬೇಕು. ಇದರ ಮೂರನೇ ಕಲಮನ್ನು ಎರಡು ಸಲ ಓದಿ. ಕೋಡು ಕೊಟ್ಟವರು ತಮ್ಮ ಪೇಟೆಂಟ್ ಬಳಸುವ ಹಕ್ಕನ್ನೂ ಕೊಡುತ್ತಾರೆ. ಆ ಸಾಫ್ಟ್‌ವೇರ್ ನಿಮ್ಮ ಪೇಟೆಂಟನ್ನು ಮುರಿದಿದೆ ಎಂದು ನೀವು ದಾವೆ ಹೂಡಿದ ದಿನವೇ ಆ ಹಕ್ಕು ರದ್ದಾಗುತ್ತದೆ. ಎಂಐಟಿಯಲ್ಲಿ ಪೇಟೆಂಟಿನ ಸ್ಪಷ್ಟ ಮಾತೇ ಇಲ್ಲ.

ಈ ಎಲ್ಲ ಲೈಸೆನ್ಸುಗಳ ಕೊನೆಯಲ್ಲೂ ‘ಇದ್ದದ್ದು ಇದ್ದ ಹಾಗೆ, ಯಾವ ಖಾತರಿಯೂ ಇಲ್ಲ’ ಎಂಬ ಮಾತಿರುತ್ತದೆ. ಅದು ಲೇಖಕರನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ಬಿಲ್ಲಿನ ಮೊತ್ತ ತಪ್ಪಿದರೆ ಮೀನು ವ್ಯಾಪಾರಿ ಕೇಳುವುದು ನಿಮ್ಮನ್ನೇ. ನಿಮ್ಮ ಹೊಣೆ ಎಷ್ಟರವರೆಗೆ ಎಂಬುದನ್ನು ಗಿರಾಕಿಯ ಜೊತೆಗಿನ ಕರಾರಿನಲ್ಲಿ ಬೇರೆಯಾಗಿ ಬರೆಯಬೇಕು.

ಜಿಪಿಎಲ್ ಮತ್ತು ಎಜಿಪಿಎಲ್: ನಿಧಾನವಾಗಿ ಓದಬೇಕಾದ್ದು

ಜಿಪಿಎಲ್ ಪ್ರೋಗ್ರಾಮನ್ನು ನಿಮ್ಮ ಆಫೀಸಿನೊಳಗೆ ಓಡಿಸಲು, ತಿದ್ದಲು ಯಾವ ಷರತ್ತೂ ಇಲ್ಲ. ಪ್ರತಿ ಹೊರಗೆ ಹೋದಾಗ ಷರತ್ತು ಶುರು. ಗಿರಾಕಿಯ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವುದು, ಪ್ಲೇಸ್ಟೋರಿಗೆ ಹಾಕುವುದು, ಲಿನಕ್ಸ್ ತುಂಬಿದ ರಾಸ್ಪ್‌ಬೆರಿ ಪೈ ಒಂದನ್ನು ಬಿಲ್ಲಿಂಗ್ ಯಂತ್ರವಾಗಿ ಮಾರುವುದು, ಇವೆಲ್ಲವೂ ಪ್ರತಿ ಕೊಡುವುದೇ. ಸರ್ವರಿನಲ್ಲಿ ಓಡುವ ಭಾಗ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಬ್ರೌಸರಿಗೆ ಇಳಿಯುವ ಜಾವಾಸ್ಕ್ರಿಪ್ಟ್ ಬಳಕೆದಾರರ ಯಂತ್ರಕ್ಕೆ ಹೋದ ಪ್ರತಿ. ಇದನ್ನು ಬಹಳ ಜನ ಮರೆಯುತ್ತಾರೆ.

ಪ್ರತಿ ಕೊಟ್ಟ ಮೇಲೆ, ಆ ಪ್ರತಿಗೆ ಸರಿಯಾಗಿ ಹೊಂದುವ ಸೋರ್ಸ್ ಕೋಡನ್ನು ಬಿಲ್ಡ್ ಸ್ಕ್ರಿಪ್ಟುಗಳ ಸಮೇತ ಕೊಡಬೇಕು. ಮೂಲ ಪ್ರಾಜೆಕ್ಟಿನ ಕೊಂಡಿ ತೋರಿಸಿ ‘ಅಲ್ಲಿದೆ’ ಎಂದರೆ ಸಾಲದು: ನೀವು ತಿದ್ದಿದ್ದು ಅಲ್ಲಿರುವುದಿಲ್ಲ, ನೀವು ಬಳಸಿದ ಆವೃತ್ತಿ ನಾಳೆ ಅಲ್ಲಿ ಇರಬೇಕೆಂದೂ ಇಲ್ಲ. ಎರಡನೇ ಆವೃತ್ತಿಯಲ್ಲಿ ಇನ್ನೊಂದು ದಾರಿಯಿದೆ, ಕೇಳಿದವರಿಗೆ ಸೋರ್ಸ್ ಕೊಡುತ್ತೇವೆ ಎಂದು ಕನಿಷ್ಠ ಮೂರು ವರ್ಷ ಊರ್ಜಿತವಿರುವ ಲಿಖಿತ ಮಾತು. ಮೂರು ವರ್ಷ ನೆನಪಿಟ್ಟುಕೊಳ್ಳುವುದಕ್ಕಿಂತ ಇನ್‌ಸ್ಟಾಲರ್ ಜೊತೆಯಲ್ಲೇ ಒಂದು ಸೋರ್ಸ್ ಕಟ್ಟು ಕೊಟ್ಟುಬಿಡುವುದು ಒಳ್ಳೆಯದು.

ಜಿಪಿಎಲ್ ಎಂದರೆ ಪುಕ್ಕಟೆ ಎಂದು ಅರ್ಥವಲ್ಲ. ಎಷ್ಟು ಬೆಲೆಗೆ ಬೇಕಾದರೂ ಮಾರಬಹುದು. ಆದರೆ ಕೊಂಡವರು ಅದನ್ನು ಹಂಚುವುದನ್ನಾಗಲಿ ತಿದ್ದುವುದನ್ನಾಗಲಿ ತಡೆಯುವ ಕರಾರು ಹಾಕುವಂತಿಲ್ಲ. ಪ್ರೋಗ್ರಾಮಿನಿಂದ ಹೊರಬಂದ ಬಿಲ್ಲಿಗೆ ಸಾಮಾನ್ಯವಾಗಿ ಲೈಸೆನ್ಸ್ ಅಂಟುವುದಿಲ್ಲ. ಷರತ್ತು ಮುರಿದರೆ ಎರಡನೇ ಆವೃತ್ತಿಯಲ್ಲಿ ಹಕ್ಕು ತಾನಾಗಿ ರದ್ದು. ಮೂರನೆಯದರಲ್ಲಿ, ಮೊದಲ ಸಲದ ತಪ್ಪಾದರೆ, ನೋಟಿಸ್ ಬಂದ 30 ದಿನದೊಳಗೆ ಸರಿಪಡಿಸಿದವರಿಗೆ ಹಕ್ಕು ಮರಳುತ್ತದೆ. ಇವು ಬರೀ ಕಾಗದದ ಮಾತುಗಳಲ್ಲ: ಓಪನ್ ಸೋರ್ಸ್ ಲೈಸೆನ್ಸಿನ ಷರತ್ತು ಮುರಿಯುವುದು ಕಾಪಿರೈಟ್ ಉಲ್ಲಂಘನೆ ಆಗಬಲ್ಲದು ಎಂದು 2008ರಲ್ಲೇ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದೆ.

ಈಗ ಐಟೆಕ್ಸ್ಟ್‌ಗೆ ಬರೋಣ. ಅದು ಎಜಿಪಿಎಲ್. ಜಿಪಿಎಲ್‌ನ ಎಲ್ಲವೂ ಇದೆ, ಮೇಲೆ 13ನೇ ಕಲಮು: ತಿದ್ದಿದ ಪ್ರೋಗ್ರಾಮನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಸಿಗುವಂತೆ ಮಾಡಬೇಕು. ಐಟೆಕ್ಸ್ಟನ್ನು ನಿಮ್ಮ ಪ್ರೋಗ್ರಾಮಿನ ಒಳಗೇ ಸೇರಿಸಿದರೆ ಇಡೀ ಏಲಂ ಸಾಫ್ಟ್‌ವೇರ್ ಎಜಿಪಿಎಲ್ ವ್ಯಾಪ್ತಿಗೆ ಬರುತ್ತದೆ ಎಂದೇ ಎಣಿಸಿ ಮುಂದುವರಿಯಿರಿ. ‘ಸರ್ವರಿನಲ್ಲಿದೆ, ಯಾರಿಗೂ ಕೊಟ್ಟಿಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮೂರು ದಾರಿಗಳಿವೆ. ನಿಮ್ಮ ಕೋಡನ್ನೂ ಎಜಿಪಿಎಲ್ ಅಡಿಯಲ್ಲಿ ತೆರೆದಿಡುವುದು. ಐಟೆಕ್ಸ್ಟ್ ಕಂಪನಿಯಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳುವುದು. ಅಥವಾ ಐಟೆಕ್ಸ್ಟ್‌ನ ಹಳೆಯ ಆವೃತ್ತಿಯಿಂದ ಕವಲೊಡೆದ ಓಪನ್‌ಪಿಡಿಎಫ್ ಬಳಸುವುದು. ಅದು ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಎಂಬ, ಜಿಪಿಎಲ್‌ಗಿಂತ ಸಡಿಲವಾದ ಲೈಸೆನ್ಸುಗಳ ಅಡಿಯಲ್ಲಿ ಸಿಗುತ್ತದೆ. ಎಂಪಿಎಲ್‌ನಲ್ಲಿ ತೆರೆದಿಡಬೇಕಾದ್ದು ಆ ಲೈಸೆನ್ಸಿನ ಫೈಲುಗಳನ್ನು, ನೀವು ಮಾಡಿದ ತಿದ್ದುಪಡಿಯ ಸಮೇತ, ಅಷ್ಟೇ. ಎಲ್‌ಜಿಪಿಎಲ್‌ನಲ್ಲಿ ಗಿರಾಕಿ ಆ ಲೈಬ್ರರಿಯ ಬೇರೆ ಆವೃತ್ತಿಯನ್ನು ಜೋಡಿಸಿಕೊಳ್ಳಲು ಎಡೆ ಇರಬೇಕು. ಬಿಲ್ಲು ಮುದ್ರಿಸುವ ಸಣ್ಣ ಕೆಲಸಕ್ಕೆ ಮೂರನೆಯ ದಾರಿಯೇ ಸಾಕು.

ಬೆರೆಸುವಾಗ ದಿಕ್ಕು ನೋಡಿ. ಅಪಾಚೆ 2.0 ಕೋಡನ್ನು ಜಿಪಿಎಲ್ ಮೂರಕ್ಕೆ ಸೇರಿಸಬಹುದು, ಒಟ್ಟು ಕೃತಿ ಜಿಪಿಎಲ್ ಮೂರು ಆಗುತ್ತದೆ. ‘ಜಿಪಿಎಲ್ ಎರಡು ಮಾತ್ರ’ಕ್ಕೆ ಸೇರಿಸಲಾಗದು, ಅಪಾಚೆಯ ಪೇಟೆಂಟ್ ಷರತ್ತು ಅದಕ್ಕೆ ಹೊಂದುವುದಿಲ್ಲ.

ಫಾಂಟುಗಳು

ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಆ್ಯಪಿನೊಳಗೆ ಸೇರಿಸಬಹುದು, ಬಿಲ್ಲಿನಲ್ಲಿ ಅಚ್ಚು ಹಾಕಬಹುದು. ಫಾಂಟೊಂದನ್ನೇ ಮಾರುವಂತಿಲ್ಲ. ತಿದ್ದಿದರೆ, ಮೂಲದವರು ಕಾಯ್ದಿರಿಸಿದ ಹೆಸರನ್ನು ಬಿಟ್ಟು ಬೇರೆ ಹೆಸರಿಡಬೇಕು, ಅದೇ ಲೈಸೆನ್ಸಿನಲ್ಲೇ ಹಂಚಬೇಕು. 2024ರ ಯೂನಿಕೋಡ್ 16ರಲ್ಲಿ ತುಳು–ತಿಗಳಾರಿ ಲಿಪಿ ಸೇರಿದ ಮೇಲೆ, ಇರುವ ಫಾಂಟಿಗೆ ತುಳು ಅಕ್ಷರ ಸೇರಿಸಲು ಹೊರಟವರು ಮೊದಲು ಓದಬೇಕಾದ ಕಲಮು ಇದೇ.

ಓಪನ್ ಎನಿಸಿ ಓಪನ್ ಅಲ್ಲದವು

ಕೋಡು ಕಣ್ಣಿಗೆ ಕಂಡ ಮಾತ್ರಕ್ಕೆ ಓಪನ್ ಸೋರ್ಸ್ ಆಗುವುದಿಲ್ಲ. ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಎಂಬ ಸಾಲು ಇದ್ದರೆ ಅಲ್ಲಿಗೆ ನಿಲ್ಲಿಸಿ. ಲೈಸೆನ್ಸ್ ನಡುವೆ ಬದಲಾಗುವುದೂ ಇದೆ. ಸರ್ವರ್ ವ್ಯವಸ್ಥೆ ಕಟ್ಟುವ ಸಾಧನ ಟೆರಾಫಾರ್ಮ್ 2023ರ ಆಗಸ್ಟಿನಲ್ಲಿ, ಡೇಟಾಬೇಸ್ ರೆಡಿಸ್ 2024ರ ಮಾರ್ಚಿನಲ್ಲಿ ಓಪನ್ ಸೋರ್ಸ್ ಅಲ್ಲದ ಲೈಸೆನ್ಸಿಗೆ ಬದಲಾದವು. ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಸೇರಿಸಿತು. ಹಳೆಯ ಲೈಸೆನ್ಸಿನಲ್ಲಿ ಪಡೆದ ಹಳೆಯ ಆವೃತ್ತಿಗೆ ತೊಂದರೆಯಿಲ್ಲ, ಅಪ್‌ಡೇಟ್ ಮಾಡಿದ ಕೂಡಲೇ ಹೊಸ ಷರತ್ತು.

ಕೋಡು ಯಾರದ್ದು?

ನಿಮ್ಮ ಕೋಡನ್ನು ತೆರೆದಿಡುವ ಮೊದಲು ಅದು ನಿಮ್ಮದೇ ಹೌದೇ ನೋಡಿ. ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾಪಿರೈಟ್ ಕಾಯ್ದೆಯ 17ನೇ ಕಲಮಿನಂತೆ ಮಾಲಿಕರದ್ದು. ಸ್ವತಂತ್ರವಾಗಿ ಕೆಲಸ ಹಿಡಿದವರ ಹಕ್ಕು ಲಿಖಿತ ವರ್ಗಾವಣೆ ಇದ್ದರೆ ಮಾತ್ರ ಗಿರಾಕಿಗೆ ಹೋಗುತ್ತದೆ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಹಳೆಯ ಕರಾರುಗಳನ್ನು ತೆಗೆದು ಈ ಎರಡು ಸಾಲು ಇವೆಯೇ ಎಂದು ನೋಡಿ.

ಪಟ್ಟಿ ಮಾಡಿ

ಒಂದು ಸ್ಪ್ರೆಡ್‌ಶೀಟ್ ಸಾಕು: ಹೆಸರು, ಆವೃತ್ತಿ, ಲೈಸೆನ್ಸ್, ತಿದ್ದಿದ್ದೇವೆಯೇ, ಗಿರಾಕಿಯ ಕೈಗೆ ಹೋಗುತ್ತದೆಯೇ, ಇಳಿಸಿಕೊಂಡ ದಿನ. ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಪ್ರಾಜೆಕ್ಟಿಗೆ ಲೈಸೆನ್ಸ್–ಚೆಕರ್, ಪೈಥಾನ್‌ಗೆ ಪಿಪ್–ಲೈಸೆನ್ಸಸ್ ಈ ಪಟ್ಟಿಯ ಬಹುಪಾಲನ್ನು ತಾವೇ ತುಂಬಿಕೊಡುತ್ತವೆ. ನೇರವಾಗಿ ಸೇರಿಸಿದ್ದು ಹತ್ತು ಇದ್ದರೂ ಅವುಗಳ ಬೆನ್ನಿಗೆ ಬಂದವು ನೂರಾರು ಇರಬಹುದು; ತೊಂದರೆ ಹೆಚ್ಚಾಗಿ ಅಡಗಿರುವುದು ಅಲ್ಲಿ. ‘ಗೊತ್ತಿಲ್ಲ’ ಎಂದು ಬಂದ ಸಾಲುಗಳನ್ನು ಕೈಯಾರೆ ತೆರೆದು ನೋಡಿ, ಏಕೆಂದರೆ ಈ ಸಾಧನಗಳು ಮುಖ್ಯವಾಗಿ ಪ್ಯಾಕೇಜಿನ ಘೋಷಣೆಯನ್ನು ಓದುತ್ತವೆ. ನಕಲಿಸಿ ಅಂಟಿಸಿದ ಕೋಡು ಅವಕ್ಕೆ ಕಾಣದು. ಅದಕ್ಕೆ ಫೈಲು ಫೈಲನ್ನೂ ಜಾಲಾಡುವ ಸ್ಕ್ಯಾನ್‌ಕೋಡ್ ಬೇಕು.

ಪಟ್ಟಿ ಸಿದ್ಧವಾದ ಮೇಲೆ ಆ್ಯಪಿನ ಸೆಟ್ಟಿಂಗ್ಸ್ ಒಳಗೆ ‘ಲೈಸೆನ್ಸ್‌ಗಳು’ ಎಂಬ ಪುಟ ಮಾಡಿ ಎಲ್ಲ ಬರಹಗಳನ್ನೂ ಹಾಕಿ. ಕಂಪ್ಯೂಟರ್ ಪ್ರೋಗ್ರಾಮಿಗಾದರೆ ಇನ್‌ಸ್ಟಾಲ್ ಆಗುವ ಫೋಲ್ಡರಿನಲ್ಲಿ ಒಂದು ಪಠ್ಯ ಫೈಲ್ ಇಡಿ. ಪ್ರತಿ ಬಿಡುಗಡೆಗೆ ಮೊದಲು ಸಾಧನವನ್ನು ಇನ್ನೊಮ್ಮೆ ಓಡಿಸಿ ಹಿಂದಿನ ಪಟ್ಟಿಯ ಜೊತೆ ಹೋಲಿಸಿ, ಲೈಸೆನ್ಸ್ ಕಾಲಮಿನಲ್ಲಿ ಬದಲಾದ ಸಾಲುಗಳನ್ನು ಮಾತ್ರ ಹೊಸದಾಗಿ ಓದಿ.