ಹಿತ್ತಲಲ್ಲಿ ಕಪ್ಪು ರಾಸ್ಪ್‌ಬೆರಿ

ಬದನೆ, ಟೊಮೆಟೊ, ಮೆಣಸಿನಕಾಯಿ ಬೆಳೆದ ಮಡಿಯಲ್ಲಿ ಕಪ್ಪು ರಾಸ್ಪ್‌ಬೆರಿ ನೆಡಬೇಡಿ. ಇದನ್ನೇ ಮೊದಲು ಹೇಳಲು ಕಾರಣವಿದೆ. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಮನೆ ಮಾಡಿರುವ ನಮ್ಮವರ ಹಿತ್ತಲಲ್ಲಿ ಚೆನ್ನಾಗಿ ಬಿಸಿಲು ಬೀಳುವ ಮಡಿ ಇರುವುದೇ ಒಂದೋ ಎರಡೋ, ಅದರಲ್ಲಿ ಪ್ರತಿ ಬೇಸಿಗೆಯೂ ಇವೇ ಮೂರು ತರಕಾರಿ. ಇವಕ್ಕೂ ಆಲೂಗಡ್ಡೆ, ಸ್ಟ್ರಾಬೆರಿಗೂ ತಗಲುವ ವರ್ಟಿಸಿಲಿಯಂ ಎಂಬ ಶಿಲೀಂಧ್ರ ಬೆಳೆ ಕಿತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಕೆಂಪು ರಾಸ್ಪ್‌ಬೆರಿ ಅದನ್ನು ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಕಪ್ಪಿಗೆ ಆ ಶಕ್ತಿ ಇಲ್ಲ. ಬಿಸಿಲೇರಿದ ದಿನಗಳಲ್ಲಿ ಬುಡದ ಎಲೆಗಳು ಹಳದಿಯಾಗಿ ಉದುರುತ್ತಾ ಬಂದು, ಕಾಂಡದ ಮೇಲೆ ಬುಡದಿಂದ ನೀಲಿ ಬೆರೆತ ನೇರಳೆ ಪಟ್ಟೆ ಎದ್ದರೆ ಇದೇ ರೋಗ. ನೀರು ಸಾಲದೆ ಬಾಡಿದೆ ಎಂದುಕೊಂಡು ಜನ ಇನ್ನಷ್ಟು ನೀರು ಸುರಿಯುತ್ತಾರೆ. ಅದರಿಂದ ಗಿಡ ಉಳಿಯುವುದಿಲ್ಲ, ಈ ರೋಗಕ್ಕೆ ಔಷಧಿಯೂ ಇಲ್ಲ. ಕಳೆದ ನಾಲ್ಕು ವರ್ಷ ಈ ತರಕಾರಿಗಳನ್ನು ಬೆಳೆಯದ ಜಾಗವನ್ನೇ ಆರಿಸಿ. ಅಂಥ ಜಾಗ ಇಲ್ಲವೆಂದರೆ ಹುಲ್ಲುಹಾಸಿನ ಒಂದು ಅಂಚನ್ನು ಹಿಂದಿನ ಅಕ್ಟೋಬರ್‌ನಲ್ಲೇ ಅಗೆದು, ಹುಲ್ಲನ್ನು ಬೇರುಸಹಿತ ತೆಗೆದು, ಎರಡು ಮೂರು ಅಂಗುಲ ಕಾಂಪೋಸ್ಟ್ ಹರಡಿ ಮಣ್ಣಿಗೆ ಬೆರೆಸಿಡಿ.

ಈ ಗಿಡ ಉತ್ತರ ಅಮೆರಿಕದ ಪೂರ್ವ ಭಾಗದ್ದೇ. ಕಾಡಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಹಣ್ಣು ನೋಟಕ್ಕೆ ನಮ್ಮ ಹಿಪ್ಪುನೇರಳೆಯನ್ನು ನೆನಪಿಸುತ್ತದೆ, ಆದರೆ ಗುಂಡಗೆ, ಬಿಡಿಸಿದಾಗ ಒಳಗೆ ಟೋಪಿಯ ಹಾಗೆ ಪೊಳ್ಳು. ಬ್ಲ್ಯಾಕ್‌ಬೆರಿಯೇ ಬೇರೆ, ಇದೇ ಬೇರೆ. ಬ್ಲ್ಯಾಕ್‌ಬೆರಿ ಕೀಳುವಾಗ ಬಿಳಿ ದಿಂಡೂ ಹಣ್ಣಿನ ಜತೆಗೇ ಬರುತ್ತದೆ, ಇದರಲ್ಲಿ ದಿಂಡು ಗಿಡದಲ್ಲೇ ಉಳಿಯುತ್ತದೆ. ಕಾಡಿನಲ್ಲಿ ಬಿಟ್ಟಿ ಸಿಗುತ್ತದಲ್ಲ ಎಂದು ಅಲ್ಲಿಂದ ಅಗೆದು ತರುವವರಿದ್ದಾರೆ. ದಯವಿಟ್ಟು ತರಬೇಡಿ. ಕಾಡಿನ ಗಿಡಗಳಲ್ಲಿ ವೈರಸ್ ಮತ್ತು ಕಿತ್ತಳೆ ತುಕ್ಕುರೋಗ ಸಾಮಾನ್ಯ. ಹೊರಗೆ ಏನೂ ಕಾಣದ ಗಿಡವೂ ಒಳಗೆ ರೋಗ ಹೊತ್ತಿರಬಹುದು. ವೈರಸ್ ಇಲ್ಲವೆಂದು ಪರೀಕ್ಷಿಸಿದ ಸಸಿ ಮಾರುವ ನರ್ಸರಿಯಿಂದ ತನ್ನಿ. ಅದೇ ಕಾರಣಕ್ಕೆ ಕೆಂಪು ರಾಸ್ಪ್‌ಬೆರಿಯ ಪಕ್ಕದಲ್ಲೂ ನೆಡಬೇಡಿ. ಕೆಂಪಿನ ಗಿಡ ವೈರಸ್ ಇದ್ದರೂ ಹಣ್ಣು ಕೊಡುತ್ತಾ ಇರುತ್ತದೆ, ಅದರ ರಸ ಹೀರಿದ ಗಿಡಹೇನು ಕಪ್ಪಿನ ಮೇಲೆ ಕೂತರೆ ಕಪ್ಪು ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಸಣ್ಣ ಹಿತ್ತಲಾದರೆ ಎರಡರಲ್ಲಿ ಒಂದನ್ನು ಮಾತ್ರ ಬೆಳೆಯುವುದು ಒಳ್ಳೆಯದು.

ತಳಿಗಳಲ್ಲಿ ಮೊದಲ ಸಲ ನೆಡುವವರಿಗೆ ಜ್ಯುವೆಲ್ ಸಾಕು. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರ 1973ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ಗಿಡ ಗಟ್ಟಿ, ಹಣ್ಣು ದೊಡ್ಡದು. ಬ್ರಿಸ್ಟಲ್ ಅದಕ್ಕಿಂತ ಹಳೆಯದು, ರುಚಿ ಬಹಳ ಚೆನ್ನ, ಆದರೆ ಕಾಂಡಕ್ಕೆ ಚುಕ್ಕೆರೋಗ ಬೇಗ ಬರುತ್ತದೆ. ಮ್ಯಾಕ್ ಬ್ಲ್ಯಾಕ್ ಒಂದು ವಾರ ತಡವಾಗಿ ಹಣ್ಣಾಗುತ್ತದೆ. ಜ್ಯುವೆಲ್ ನಾಲ್ಕು, ಮ್ಯಾಕ್ ಬ್ಲ್ಯಾಕ್ ಎರಡು ನೆಟ್ಟರೆ ಸುಗ್ಗಿ ಸ್ವಲ್ಪ ಉದ್ದವಾಗುತ್ತದೆ. ಪರಾಗಕ್ಕೆ ಜೊತೆ ಗಿಡ ಬೇಕೇಬೇಕು ಎಂದೇನಿಲ್ಲ, ಒಂದೇ ಗಿಡವೂ ಕಾಯಿ ಕಟ್ಟುತ್ತದೆ.

ಜಾಗಕ್ಕೆ ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಳಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಬೆಳಗಾದರೂ ಗುಂಡಿಯಲ್ಲೇ ಇದ್ದರೆ ಅಲ್ಲಿ ನೆಟ್ಟ ಗಿಡದ ಬೇರು ಕೊಳೆಯುವುದು ಖಂಡಿತ. ಆಗ ಹತ್ತು ಹನ್ನೆರಡು ಅಂಗುಲ ಎತ್ತರದ ಏರುಮಡಿ ಕಟ್ಟಿ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6ರ ಆಸುಪಾಸಿನಲ್ಲಿದ್ದರೆ ಚೆನ್ನ. ಬೆಳೆಗಾರರಿಗೆ ಸಲಹೆ ಕೊಡುವ, ರಾಜ್ಯ ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಷನ್ ಕಚೇರಿಗಳ ಮೂಲಕ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬಹುದು, ಸುಣ್ಣ ಹಾಕುವ ಮೊದಲು ಅದನ್ನು ಮಾಡಿಸಿ.

ಮಣ್ಣಿನ ಹಿಮ ಕರಗಿ ಗುದ್ದಲಿ ಇಳಿಯುವಂತಾದ ಕೂಡಲೇ ನೆಡುವ ಕಾಲ. ಮಣ್ಣಿಲ್ಲದ ಬೇರಿನ ಸಸಿ ಬಂದಿದ್ದರೆ ಒಂದೆರಡು ಗಂಟೆ ನೀರಲ್ಲಿ ಬೇರು ನೆನೆಸಿ. ಗಿಡದಿಂದ ಗಿಡಕ್ಕೆ ಮೂರರಿಂದ ನಾಲ್ಕಡಿ, ಸಾಲಿನಿಂದ ಸಾಲಿಗೆ ಎಂಟಡಿ ಬಿಡಿ. ಬೇಲಿಗೆ ಅಂಟಿಸಿ ನೆಟ್ಟರೆ ಆಮೇಲೆ ಮುಳ್ಳಿನ ನಡುವೆ ಕೈ ಹಾಕಲಾಗದೆ ಒದ್ದಾಡುತ್ತೀರಿ, ಎರಡೂ ಕಡೆ ಓಡಾಡುವಷ್ಟು ಜಾಗ ಇರಲಿ. ಬೇರನ್ನು ಹರಡಿ, ಬುಡ ನರ್ಸರಿಯಲ್ಲಿ ಇದ್ದುದಕ್ಕಿಂತ ಒಂದಂಗುಲ ಕೆಳಗಿರುವ ಹಾಗೆ ಇಟ್ಟು, ಮಣ್ಣು ಒತ್ತಿ ನೀರುಣಿಸಿ. ಸಸಿಯ ಜತೆ ಒಣಗಿದಂಥ ಒಂದು ಗೇಣಿನ ಕಡ್ಡಿ ಇರುತ್ತದೆ. ಅದು ತಾಯಿಗಿಡದ ತುಂಡು, ಹಿಡಿದುಕೊಳ್ಳಲಿಕ್ಕಷ್ಟೇ ಬೇಕಾಗಿದ್ದದ್ದು. ನೆಟ್ಟ ಮೇಲೆ ಅದನ್ನು ನೆಲಮಟ್ಟಕ್ಕೆ ಕತ್ತರಿಸಿ ದೂರ ಎಸೆಯಿರಿ. ಚುಕ್ಕೆರೋಗ ಹೊಸ ಮಡಿಗೆ ಬರುವ ದಾರಿಗಳಲ್ಲಿ ಆ ಕಡ್ಡಿಯೂ ಒಂದು.

ಹತ್ತು ಹದಿನೈದು ದಿನ ಕಳೆದ ಮೇಲೆ ಗಿಡವೊಂದಕ್ಕೆ ಕಾಲು ಕಪ್ 10-10-10 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಬುಡಕ್ಕೆ ತಾಗದಂತೆ ಸುತ್ತ ಒಂದಡಿಯೊಳಗೆ ಉದುರಿಸಿ. ಮುಂದಿನ ವರ್ಷಗಳಲ್ಲಿ ಅರ್ಧ ಕಪ್, ಅದೂ ಚಿಗುರೊಡೆಯುವ ಮುಂಚೆ. ಜುಲೈ ದಾಟಿದ ಮೇಲೆ ಗೊಬ್ಬರ ಬೇಡ. ತಡವಾಗಿ ಬಂದ ಎಳೆ ಚಿಗುರು ಬಲಿಯುವ ಮೊದಲೇ ಚಳಿ ಬಂದು ಸುಟ್ಟುಹಾಕುತ್ತದೆ. ವಾರಕ್ಕೆ ಒಂದರಿಂದ ಒಂದೂವರೆ ಅಂಗುಲ ನೀರು, ಕಾಯಿ ತುಂಬುವಾಗ ತಪ್ಪಿಸಲೇಬಾರದು. ತಲೆಯ ಮೇಲಿಂದ ಚಿಮುಕಿಸದೆ ಬುಡಕ್ಕೇ ಬಿಡಿ. ಮರದ ಚೂರಿನ ಹೊದಿಕೆ ಎರಡು ಮೂರು ಅಂಗುಲ ಹಾಸಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ.

ಇನ್ನು ಕತ್ತರಿಯ ಕೆಲಸ. ಕಪ್ಪು ರಾಸ್ಪ್‌ಬೆರಿಯ ಫಸಲೆಲ್ಲ ಇದರಲ್ಲೇ ಇದೆ, ಹೆಚ್ಚಿನವರು ಹೆದರಿ ಬಿಟ್ಟುಬಿಡುವುದೂ ಇದನ್ನೇ. ಗಿಡದ ಬುಡ ಹಲವು ವರ್ಷ ಬಾಳುತ್ತದೆ, ಆದರೆ ಅದರಿಂದೇಳುವ ಒಂದೊಂದು ಜಲ್ಲೆಗೂ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ಬೆಳೆಯುತ್ತದೆ, ಎರಡನೇ ವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಗೊನೆ ಬಿಟ್ಟ ಬಾಳೆಯನ್ನು ಕಡಿದು ಕಂದಿಗೆ ದಾರಿ ಬಿಡುತ್ತೀವಲ್ಲ, ಲೆಕ್ಕ ಅದೇ. ಹಾಗಾಗಿ ನೆಟ್ಟ ವರ್ಷ ಹಣ್ಣಿಲ್ಲ, ಎರಡನೇ ವರ್ಷ ಸ್ವಲ್ಪ, ಮೂರನೆಯ ವರ್ಷದಿಂದ ಪೂರ್ತಿ ಫಸಲು.

ವರ್ಷಕ್ಕೆ ಮೂರು ಸಲ ಕತ್ತರಿ ಹಿಡಿಯಬೇಕು. ಮೊದಲನೆಯದು ಬೇಸಿಗೆಯ ಕುಡಿ ಚಿವುಟುವಿಕೆ. ಆ ವರ್ಷದ ಹೊಸ ಜಲ್ಲೆ ಎರಡೂವರೆ ಅಡಿ ದಾಟಿದ ಕೂಡಲೇ ತುದಿಯ ಮೂರು ನಾಲ್ಕು ಅಂಗುಲ ತೆಗೆಯಿರಿ. ಸೇವಂತಿಗೆಗೆ ಕುಡಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುವ ಹಾಗೆ ಇಲ್ಲಿ ಪಕ್ಕದ ಗೆಣ್ಣುಗಳಿಂದ ಕವಲು ಬರುತ್ತವೆ, ಮುಂದಿನ ವರ್ಷದ ಹಣ್ಣು ಆ ಕವಲುಗಳ ಮೇಲೆ. ಎಳೆಯ ಕುಡಿ ಬೆರಳಲ್ಲೇ ಮುರಿಯುತ್ತದೆ, ಗಾಯವೂ ಚಿಕ್ಕದು. ನಾಲ್ಕಡಿ ಆಗುವವರೆಗೆ ಕಾದು ಬಲಿತ ಕಾಂಡ ಕತ್ತರಿಸಿದರೆ ಕವಲು ಬಡಕಲಾಗಿ ಬರುತ್ತವೆ, ದೊಡ್ಡ ಗಾಯದಿಂದ ರೋಗವೂ ಇಳಿಯುತ್ತದೆ. ಎಲ್ಲ ಜಲ್ಲೆಗಳೂ ಒಂದೇ ದಿನ ಆ ಎತ್ತರಕ್ಕೆ ಬರುವುದಿಲ್ಲ. ಮೇ ಕೊನೆಯಿಂದ ಜುಲೈವರೆಗೆ ವಾರಕ್ಕೊಂದು ಸಲ ಸುತ್ತು ಹಾಕಿ. ಮಳೆ ಬರುವ ದಿನ ಮಾತ್ರ ಬೇಡ, ಗಾಯ ಒಣಗಲು ಮೂರು ದಿನವಾದರೂ ಒಣ ಹವೆ ಇರಲಿ.

ಎರಡನೆಯದು ಹಣ್ಣು ಮುಗಿದ ಮೇಲಿನದು. ಹಣ್ಣು ಕೊಟ್ಟ ಜಲ್ಲೆಯ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಸುಲಿಯುತ್ತಿರುತ್ತದೆ, ಹೊಸದರ ಮೇಲೆ ಬೂದಿ ಬಳಿದಂತೆ ತಿಳಿಬಿಳುಪು ಇರುತ್ತದೆ. ಬೆರಳಲ್ಲಿ ಉಜ್ಜಿದರೆ ಆ ಬಿಳುಪು ಹೋಗಿ ಕೆಳಗೆ ನೇರಳೆ ಕಾಣುತ್ತದೆ. ಹಳೆಯದನ್ನು ನೆಲಮಟ್ಟಕ್ಕೆ ಕತ್ತರಿಸಿ ಹಿತ್ತಲಿಂದಲೇ ಆಚೆ ಸಾಗಿಸಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಮೂರನೆಯದು ಮಾರ್ಚ್‌ನಲ್ಲಿ, ಮೊಗ್ಗು ಉಬ್ಬುವ ಮುಂಚೆ. ಬುಡವೊಂದಕ್ಕೆ ದಪ್ಪನೆಯ ಐದಾರು ಜಲ್ಲೆ ಉಳಿಸಿ, ಪೆನ್ಸಿಲ್‌ಗಿಂತ ಸಣ್ಣವನ್ನೆಲ್ಲ ತೆಗೆಯಿರಿ. ಉಳಿದವುಗಳ ಪಕ್ಕದ ಕವಲುಗಳನ್ನು ಒಂದು ಗೇಣಿಗೆ, ಅಂದರೆ ಎಂಟರಿಂದ ಹನ್ನೆರಡು ಅಂಗುಲಕ್ಕೆ ಮೊಟಕುಗೊಳಿಸಿ. ಮೂರಡಿ ಉದ್ದದ ಕವಲನ್ನು ಇಷ್ಟು ಗಿಡ್ಡ ಮಾಡಲು ಕೈ ನಡುಗುತ್ತದೆ, ನಿಜ. ಹಾಗೇ ಬಿಟ್ಟರೆ ಹಣ್ಣು ನೂರಾರು ಬಿಡುತ್ತವೆ, ಒಂದೊಂದೂ ಬೀಜ ತುಂಬಿದ ಸಣ್ಣ ಗುಂಡು, ತಿರುಳೇ ಇರುವುದಿಲ್ಲ. ಭಾರಕ್ಕೆ ಕವಲು ಸೀಳುವುದೂ ಉಂಟು. ಗಾಳಿ ಜಾಸ್ತಿ ಇರುವ ಕಡೆ ಬುಡಕ್ಕೊಂದು ಗೂಟ ನೆಟ್ಟು ಜಲ್ಲೆಗಳನ್ನು ಸಡಿಲವಾಗಿ ಕಟ್ಟಿ.

ರೋಗ, ಹುಳದ ವಿಷಯದಲ್ಲಿ ಕಣ್ಣು ಚುರುಕಾಗಿದ್ದರೆ ಔಷಧಿಯ ಅಗತ್ಯ ಕಡಿಮೆ. ವಸಂತದಲ್ಲಿ ಒಂದು ಗಿಡದ ಚಿಗುರು ಮಾತ್ರ ಸಪೂರವಾಗಿ, ಹಳದಿಯಾಗಿ ಗುಂಪಾಗಿ ಎದ್ದರೆ ಎಲೆ ತಿರುಗಿಸಿ ನೋಡಿ. ಕೆಳಗೆ ಕಿತ್ತಳೆ ಬಣ್ಣದ ಪುಡಿ ಇದ್ದರೆ ಅದು ಕಿತ್ತಳೆ ತುಕ್ಕು. ರೋಗ ಬೇರಿನವರೆಗೂ ಹೋಗಿರುತ್ತದೆ, ಕೊಂಬೆ ಕತ್ತರಿಸಿದರೆ ಹೋಗುವುದಿಲ್ಲ. ಪುಡಿ ಹಾರುವ ಮೊದಲೇ ಇಡೀ ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ಬೇರುಸಹಿತ ಅಗೆದು ತೆಗೆಯಿರಿ. ಒಂದು ಗಿಡ ಕಳೆದುಕೊಳ್ಳುವ ಸಂಕಟಕ್ಕೆ ತಡ ಮಾಡಿದರೆ ಸಾಲು ಪೂರ್ತಿ ಹೋಗುತ್ತದೆ. ಜಲ್ಲೆಯ ಮೇಲೆ ನೇರಳೆ ಅಂಚಿನ, ನಡುವೆ ಬೂದು ಬಣ್ಣದ ಗುಳಿಗಳು ಕಂಡರೆ ಚುಕ್ಕೆರೋಗ. ಜಲ್ಲೆ ತೆಳುಗೊಳಿಸಿ ಗಾಳಿಯಾಡಿಸುವುದೇ ಅದಕ್ಕೆ ಮದ್ದು. ಜೂನ್‌ನಲ್ಲಿ ಕುಡಿ ಏಕಾಏಕಿ ಬಾಗಿ ಬಾಡಿದ್ದರೆ ಅದರ ಕೆಳಗೆ ಅರ್ಧ ಅಂಗುಲ ಅಂತರದಲ್ಲಿ ಎರಡು ಉಂಗುರದಂಥ ಗೀರು ಹುಡುಕಿ. ಅವೆರಡರ ನಡುವೆ ಕಾಂಡಕೊರಕ ದುಂಬಿ ಮೊಟ್ಟೆ ಇಟ್ಟಿರುತ್ತದೆ. ಕೆಳಗಿನ ಉಂಗುರದಿಂದ ಇನ್ನೂ ಐದಾರು ಅಂಗುಲ ಕೆಳಕ್ಕೆ ಕತ್ತರಿಸಿ ಚೀಲಕ್ಕೆ ಹಾಕಿ. ಜಪಾನಿ ದುಂಬಿಗಳು ಬೆಳಗಿನ ತಂಪಿನಲ್ಲಿ ಮಂಕಾಗಿರುತ್ತವೆ, ಸೋಪಿನ ನೀರಿನ ಡಬ್ಬ ಕೆಳಗೆ ಹಿಡಿದು ಕೊಡವಿದರೆ ಸಾಕು. ಚಳಿಗಾಲದಲ್ಲಿ ಮೊಲ ಜಲ್ಲೆಯ ಸಿಪ್ಪೆ ಕೆರೆದು ತಿನ್ನುತ್ತದೆ, ಎರಡಡಿ ಎತ್ತರದ ತಂತಿಬಲೆ ಸುತ್ತಿ. ಹಣ್ಣು ಕೆಂಪಾಗುವಾಗ ಹಕ್ಕಿಗೆ ಬಲೆ ಬೇಕೇಬೇಕು.

ಒಹಾಯೊ ಕಡೆ ಜೂನ್ ಕೊನೆಯಿಂದ ಜುಲೈ ನಡುವರೆಗೆ ಹಣ್ಣು. ಬೇಗ ಮುಗಿಯುವುದರಿಂದ ಚುಕ್ಕೆರೆಕ್ಕೆಯ ಹಣ್ಣುನೊಣದ ಹಾವಳಿ ಕಪ್ಪಿಗೆ ತುಸು ಕಡಿಮೆ. ಆದರೂ ಎರಡು ದಿನಕ್ಕೊಮ್ಮೆ ಬಿಡಿಸಿ, ಮಾಗಿದ್ದನ್ನು ಗಿಡದಲ್ಲಿ ಬಿಡಬೇಡಿ. ಕಪ್ಪಾದ ಮಾತ್ರಕ್ಕೆ ಹಣ್ಣಾಯಿತೆಂದಲ್ಲ. ಹೊಳೆಯುವ ಕಪ್ಪಿನಲ್ಲಿ ಇನ್ನೂ ಹುಳಿ ಇರುತ್ತದೆ. ಹೊಳಪು ಇಳಿದು, ಮೇಲೆ ಮಂಜು ಕವಿದಂತೆ ಬೂದುಬಿಳುಪು ಬಂದು, ಮೂರು ಬೆರಳಲ್ಲಿ ಮೆಲ್ಲನೆ ತಿರುಗಿಸಿದರೆ ದಿಂಡು ಬಿಟ್ಟು ಕೈಗೆ ಬರಬೇಕು. ಎಳೆಯಬೇಕಾಗಿ ಬಂದರೆ ನಾಳೆಗೆ ಬಿಡಿ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ, ಅಗಲ ತಟ್ಟೆಗೆ ಬಿಡಿಸಿ. ಆಳದ ಪಾತ್ರೆಯಲ್ಲಿ ತಳದ ಹಣ್ಣು ಜಜ್ಜಿಹೋಗುತ್ತದೆ. ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ, ಹಳೆ ಬಟ್ಟೆ ಉಟ್ಟು ಹೋಗಿ.

ತೊಳೆಯದೆ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ, ತೊಳೆಯುವುದು ತಿನ್ನುವ ಹೊತ್ತಿಗೆ. ಬಾಳೆಹಣ್ಣಿನ ರಸಾಯನಕ್ಕೆ ಕಲಸಿ ಮುಗಿಸಿದ ಮೇಲೆ ಒಂದು ಬೊಗಸೆ ಇದನ್ನು ಹಾಕಿ, ಮೊದಲೇ ಹಾಕಿದರೆ ಎಲ್ಲ ನೇರಳೆ ಮುದ್ದೆಯಾಗುತ್ತದೆ. ಜಾಮ್‌ಗೆ ನಾಲ್ಕು ಕಪ್ ಹಣ್ಣು, ಮೂರು ಕಪ್ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ. ಹಣ್ಣಿನಲ್ಲಿ ಒಂದು ಹಿಡಿ ಅರೆಗೆಂಪಿನದೂ ಇರಲಿ, ಗಟ್ಟಿಯಾಗಿಸುವ ಅಂಶ ಅದರಲ್ಲಿ ಹೆಚ್ಚು. ಬೀಜ ದೊಡ್ಡದಾದ್ದರಿಂದ ಅರ್ಧ ಹಣ್ಣನ್ನು ಬೇಯಿಸಿ ಜರಡಿಯಲ್ಲಿ ಒತ್ತಿ ಬೀಜ ತೆಗೆದು ಉಳಿದದ್ದಕ್ಕೆ ಸೇರಿಸಿ. ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ ಬೆರಳಾಡಿಸಿದಾಗ ಗೆರೆ ಉಳಿದರೆ ಇಳಿಸಿ. ಫ್ರಿಜ್‌ನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ.

ಸ್ನೇಹಿತರಿಗೆ ಸಸಿ ಕೊಡಬೇಕೆಂದರೆ ಆಗಸ್ಟ್ ಕೊನೆಯಲ್ಲಿ ಒಂದು ಕವಲನ್ನು ಕತ್ತರಿಸದೆ ಬಿಡಿ. ಅದರ ತುದಿ ಎಲೆ ಸಣ್ಣದಾಗಿ, ಇಲಿಯ ಬಾಲದಂತೆ ಆದಾಗ ಮಲ್ಲಿಗೆ ಬಳ್ಳಿಯನ್ನು ಮಣ್ಣಿಗೆ ಬಾಗಿಸುವ ಹಾಗೆ ಬಾಗಿಸಿ, ತುದಿಯನ್ನು ನೆಟ್ಟಗೆ ನಾಲ್ಕು ಅಂಗುಲ ಮಣ್ಣೊಳಗಿಟ್ಟು ಮೇಲೊಂದು ಕಲ್ಲು ಹೇರಿ. ವಸಂತದ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ತಾಯಿಗಿಡದಿಂದ ಬೇರ್ಪಡಿಸಿ ಕೊಡಿ. ಎಲೆ ಮುದುರಿದ, ಬಣ್ಣ ಮಚ್ಚೆಮಚ್ಚೆಯಾದ ಗಿಡದಿಂದ ಮಾತ್ರ ಯಾರಿಗೂ ಕೊಡಬೇಡಿ.

ಫ್ಲೋರಿಡಾದ ದಕ್ಷಿಣದಂಥ ಹಿಮವಿಲ್ಲದ ಊರಿನವರಿಗೆ, ಬೆಂಗಳೂರಿನವರಿಗೆ ಈ ಗಿಡ ಆಗಿಬರುವುದಿಲ್ಲ, ಇದಕ್ಕೆ ಉದ್ದ ಚಳಿಗಾಲದ ನಿದ್ದೆ ಬೇಕು. ಅಂಥವರಿಗೆ ಮೈಸೂರಿನ ಹೆಸರನ್ನೇ ಹೊತ್ತ ಮೈಸೂರ್ ರಾಸ್ಪ್‌ಬೆರಿ ಇದೆ. ನಮ್ಮ ಪಶ್ಚಿಮಘಟ್ಟದ ಗುಡ್ಡಗಳಲ್ಲೂ ಬೆಳೆಯುವ ಮುಳ್ಳುಪೊದೆ, ಹಣ್ಣು ಕೆಂಪಿನಿಂದ ಕಪ್ಪಾಗಿ ಮೇಲೆ ನವಿರಾದ ಬಿಳಿ ತುಪ್ಪಳು ಹೊತ್ತಿರುತ್ತದೆ. ಬೀಜದಿಂದಲೂ ಬರುತ್ತದೆ, ತುದಿ ನೆಲ ಮುಟ್ಟಿದಲ್ಲೆಲ್ಲ ಬೇರೂ ಬಿಡುತ್ತದೆ. ಹವಾಯಿ, ಗಲಾಪಗಸ್ ದ್ವೀಪಗಳಲ್ಲಿ ಇದು ಕಾಡನ್ನೇ ನುಂಗುವ ಕಳೆಯಾಗಿದೆ, ಅಲ್ಲಿರುವವರು ನೆಡಲೇಬಾರದು. ಉಳಿದವರು ತಂತಿಗೆ ಕಟ್ಟಿ, ಬಾಗಿದ ತುದಿ ನೆಲ ಮುಟ್ಟುವ ಮೊದಲೇ ಕತ್ತರಿಸುತ್ತಾ, ಹಣ್ಣಾದ ಜಲ್ಲೆಗಳನ್ನು ಬುಡಕ್ಕೆ ತೆಗೆಯುತ್ತಾ ಬೆಳೆಸಿ. ಮುಳ್ಳು ಕೊಕ್ಕೆಯಂತಿರುತ್ತದೆ, ದಪ್ಪ ಚರ್ಮದ ಕೈಗವಸಿಲ್ಲದೆ ಮುಟ್ಟಬೇಡಿ.