ಥರ್ಮೋಸ್ಟಾಟ್ ಎಲ್ಬೋ ಜಾಮ್ ಆದಾಗ ನಾನು ಬಿಚ್ಚುವ ಬಗೆ

ನಮ್ಮ ರಾಯಚೂರು ಕಡೆ ಹಳೆಯ ಕಾರಿಗೆ ಹೊಸ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆಯೇ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ಹಾಕುವುದು ಹತ್ತು ನಿಮಿಷದ ಕೆಲಸ. ಅದರ ಮೇಲಿನ ಎಲ್ಬೋ, ಅಂದರೆ ಹೋಸ್ ಸೇರುವ ಬಾಗಿದ ಕೊಳವೆ, ಬಿಚ್ಚುವುದಕ್ಕೆ ಮಾತ್ರ ಅರ್ಧ ದಿನ ಹೋಗುತ್ತದೆ. ಕಾರಣ ಬೋರ್‌ವೆಲ್ ನೀರು. ರೇಡಿಯೇಟರ್ ಮಟ್ಟ ಇಳಿದಾಗಲೆಲ್ಲ ಕೂಲಂಟ್ ಬದಲು ಕೊಡದಲ್ಲಿ ತುಂಬಿಟ್ಟ ಆ ನೀರನ್ನೇ ಸುರಿದಿರುತ್ತಾರೆ. ಆ ಗಡಸು ನೀರು ಕಾದಂತೆಲ್ಲ ಸುಣ್ಣ ಬಿಡುತ್ತದೆ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ಅದು. ಸಾಮಾನ್ಯವಾಗಿ ಎಲ್ಬೋ, ಅದು ಕೂರುವ ಎಂಜಿನ್ ಹೆಡ್ ಎರಡೂ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ನಡುವೆ ಉಪ್ಪಿನಂಶದ ನೀರು ಜಿನುಗಿದರೆ ಸವೆಯುವುದು ಅಲ್ಯೂಮಿನಿಯಂ. ಹಾಗೆ ಸವೆದು ಆಗುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಥ್ರೆಡ್ ಸಂದಿಯಲ್ಲಿ ತುಂಬಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಇಂಥ ಕಡೆ ಎಣ್ಣೆ ಒಂದರಿಂದಲೇ ಕೆಲಸವಾಗದು, ಕಾಯಿಸಬೇಕು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಕ್ಯಾಪ್ ತೆಗೆದು ನೀರು ಇಳಿಸುತ್ತೇನೆ. ಹಳೆಯ ಕೂಲಂಟನ್ನು ಬಕೆಟ್‌ನಲ್ಲಿ ಹಿಡಿದು ಮುಚ್ಚಿಡಿ. ಅದು ಸಿಹಿ, ಆದರೆ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆಯುವುದೂ ಈಗಲೇ.

ಬೋಲ್ಟ್ ಸುತ್ತಲಿನ ಕೊಳೆಯನ್ನು ವೈರ್ ಬ್ರಷ್‌ನಿಂದ ತಿಕ್ಕಿ, ಡಬ್ಲ್ಯೂಡಿ-40 ಥರದ ಸ್ಪ್ರೇ ಹೊಡೆದು, ರಾತ್ರಿಯಿಡೀ ಬಿಡುತ್ತೇನೆ. ನಡುವೆ ಒಂದೆರಡು ಸಲ ಮತ್ತೆ ಹೊಡೆದು, ಬೋಲ್ಟ್ ತಲೆಯ ನಡುಮಧ್ಯಕ್ಕೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಏಟು ಹಾಕಬೇಕು. ಏಟು ಗಟ್ಟಿ ಇರಬೇಕಿಲ್ಲ, ನೇರ ಇರಬೇಕು. ಆ ಅದುರಿಗೆ ಪುಡಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಪಾನಾ ವಿಷಯದಲ್ಲಿ ಜಿಪುಣತನ ಬೇಡ. ಈ ಜಾಗದಲ್ಲಿ 6 ಅಥವಾ 8 ಮಿಲಿಮೀಟರ್ ಬೋಲ್ಟ್ ಇರುತ್ತದೆ. ಆರರ ತಲೆಗೆ 10ರ ಸಾಕೆಟ್; ಎಂಟರ ತಲೆಗೆ ಮಾರುತಿಯಂಥ ಜಪಾನಿ ಮೂಲದ ಗಾಡಿಗಳಲ್ಲಿ 12, ಬೇರೆ ಹಲವು ಗಾಡಿಗಳಲ್ಲಿ 13. ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟು ಮಾಡಿಬಿಡುತ್ತದೆ.

ಇನ್ನು ಕಾಯಿಸುವುದು. ಸ್ಪ್ರೇ ಬೆಂಕಿ ಹಿಡಿಯುವ ವಸ್ತು, ಅದನ್ನು ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಬ್ಲೋ ಟಾರ್ಚ್ ಹಚ್ಚಬೇಕು. ಪೆಟ್ರೋಲ್ ಪೈಪ್ ಒಂದು ಗೇಣಿನೊಳಗೆ ಇದ್ದರೆ ಟಾರ್ಚ್ ಬೇಡವೇ ಬೇಡ, ಹೀಟ್ ಗನ್ ಸಾಕು. ಜ್ವಾಲೆ ಬೀಳಬೇಕಾದದ್ದು ಬೋಲ್ಟ್ ಮೇಲಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಮೇಲೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲುವುದು ಹಾಗೆ. ಒಂದು ಹನಿ ನೀರು ಹಾಕಿದರೆ ಚುರ್ರೆಂದು ಆವಿಯಾಗುವಷ್ಟು ಕಾದರೆ ಸಾಕು. ಆಗ ಮೇಣದಬತ್ತಿಯನ್ನು ಬೋಲ್ಟ್ ಬುಡಕ್ಕೆ ಮುಟ್ಟಿಸಿದರೆ ಮೇಣ ಕರಗಿ ಒಳಕ್ಕೆ ಇಳಿಯುತ್ತದೆ.

ಮೊದಲ ತಿರುವು ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ, ಕೂದಲೆಳೆಯಷ್ಟು. ಆಮೇಲೆ ಬಿಚ್ಚುವ ಕಡೆಗೆ. ಗಿಡ್ಡ ಹಿಡಿಯ ರಾಚೆಟ್ ಸಾಕು. ಉದ್ದ ಪೈಪ್ ಸಿಕ್ಕಿಸಿದರೆ ಬೋಲ್ಟ್ ಏನು ಹೇಳುತ್ತಿದೆ ಎಂಬುದು ಕೈಗೆ ತಿಳಿಯುವುದಿಲ್ಲ. ಸಡಿಲಾದ ಬೋಲ್ಟ್ 'ಟಕ್' ಎಂದು ಒಮ್ಮೆ ಸದ್ದು ಮಾಡಿ ಬಿಗಿಯಾಗಿಯೇ ತಿರುಗುತ್ತದೆ. ಮುರಿಯಲಿರುವ ಬೋಲ್ಟ್ ಸದ್ದಿಲ್ಲದೆ ರಬ್ಬರ್‌ನಂತೆ ಮೆತ್ತಗೆ ತಿರುಚಿಕೊಳ್ಳುತ್ತದೆ. ಕೈ ಬಿಟ್ಟರೆ ಪಾನಾ ತುಸು ಹಿಂದಕ್ಕೆ ಬರುತ್ತದೆ. ಹಾಗನಿಸಿದ ಕ್ಷಣ ನಿಲ್ಲಿಸಿ, ಮತ್ತೆ ಕಾಯಿಸಿ. ಬಿಟ್ಟುಕೊಂಡ ಮೇಲೂ ಕಾಲು ಸುತ್ತು ಬಿಚ್ಚಿ, ಅದರ ಅರ್ಧ ಬಿಗಿ ಮಾಡಿ, ತಣಿದ ಮೇಲೆ ಎಣ್ಣೆ ಹಾಕುತ್ತ ಹೊರತನ್ನಿ. ಒಂದೇ ಸಮನೆ ಬಿಚ್ಚಿದರೆ ಪುಡಿ ಮುಂದಿನ ಥ್ರೆಡ್‌ನಲ್ಲಿ ಗುಡ್ಡೆಯಾಗಿ ಮತ್ತೆ ಕಚ್ಚುತ್ತದೆ.

ಇಷ್ಟಾದರೂ ಕೆಲವು ಮುರಿಯುತ್ತವೆ. ತುಂಡು ಮೇಲೆದ್ದಿದ್ದರೆ ಚಿಂತೆಯಿಲ್ಲ. ಅದರ ಮೇಲೊಂದು ನಟ್ ಇಟ್ಟು, ತೂತಿನೊಳಗಿಂದ ವೆಲ್ಡ್ ತುಂಬಿಸಿ, ಕೆಂಪು ಆರಿದ ಮೇಲೆ ತಿರುಗಿಸಿದರೆ ಬರುತ್ತದೆ. ವೆಲ್ಡಿಂಗ್‌ನ ಬಿಸಿಯೇ ಅರ್ಧ ಕೆಲಸ ಮಾಡಿರುತ್ತದೆ. ವೆಲ್ಡಿಂಗ್‌ಗೆ ಮೊದಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ಕಳಚಿಡಿ.

ಹೆಡ್ ಮಟ್ಟಕ್ಕೆ ಮುರಿದಿದ್ದರೆ ನಡುಮಧ್ಯಕ್ಕೆ ಸೆಂಟರ್ ಪಂಚ್ ಹೊಡೆದು, 3 ಮಿಲಿಮೀಟರ್ ಬಿಟ್‌ನಿಂದ ಶುರು ಮಾಡಿ ಹಂತಹಂತವಾಗಿ ದೊಡ್ಡದು ಮಾಡಬೇಕು. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ಹೊರಬರುವುದುಂಟು. 8 ಮಿಲಿಮೀಟರ್ ಬೋಲ್ಟ್‌ಗೆ 6.8ರ ತನಕ, 6ರದಕ್ಕೆ 5ರ ತನಕ ಕೊರೆದು ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಯಿಸಬಹುದು. ತೂತು ಒಂದು ಪಕ್ಕಕ್ಕೆ ಸರಿದರೆ ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ. ಮುರಿದ ತುಂಡಿನ ತೂತಿಗೆ ಕಚ್ಚಿಸಿ ತಿರುಗಿಸುವ ಸಣ್ಣ ಎಕ್ಸ್‌ಟ್ರಾಕ್ಟರ್ ಮೇಲೆ ನನಗೆ ನಂಬಿಕೆಯಿಲ್ಲ. ಅದು ಒಳಗೆ ಮುರಿದರೆ ಸಾಮಾನ್ಯ ಬಿಟ್ ಆ ಗಡಸು ಉಕ್ಕನ್ನು ಮುಟ್ಟುವುದೂ ಇಲ್ಲ. ಥ್ರೆಡ್ ಹಾಳಾದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಬೇಕು, ಅದಕ್ಕೆ ಒಳ್ಳೆಯ ಲೇತ್ ಅಂಗಡಿಯವರನ್ನೇ ಹುಡುಕಿ.

ಬೋಲ್ಟ್ ಬಂದರೂ ಎಲ್ಬೋ ಬರುವುದಿಲ್ಲ, ಸುಣ್ಣ ಮತ್ತು ಹಳೆಯ ಗ್ಯಾಸ್ಕೆಟ್ ಹಿಡಿದಿರುತ್ತವೆ. ಮರದ ಸುತ್ತಿಗೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗ್ಯಾಸ್ಕೆಟ್ ಕೂರುವ ಲೋಹದ ಮುಖದ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಮುಂದೆ ನೀರು ಸೋರುತ್ತದೆ. ತೂತಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಮುಖ ಕೆರೆಯಿರಿ.

'ಬಿಸಿಲೂರಿಗೆ ಥರ್ಮೋಸ್ಟಾಟ್ ಯಾಕ್ರೀ, ತೆಗೆದು ಬಿಸಾಕ್ರಿ' ಎನ್ನುವವರು ಬಳ್ಳಾರಿ, ರಾಯಚೂರಲ್ಲಿ ಬೇಕಾದಷ್ಟು ಮಂದಿ. ಕೇಳಬೇಡಿ. ಅದಿಲ್ಲದಿದ್ದರೆ ಎಂಜಿನ್ ಬಿಸಿಗೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟಾಟ್. ತೆಗೆದರೆ ಒಂದಿಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಸುತ್ತುತ್ತಲೇ ಇದ್ದು, ಏಪ್ರಿಲ್ ಬಿಸಿಲಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ.

ಹೊಸದನ್ನು ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ಪಿನ್ ಮೇಲಕ್ಕೆ ಬರುವಂತೆ ಕೂರಿಸಿ. ಹಳೆಯ ಬೋಲ್ಟ್ ಮತ್ತೆ ಬೇಡ. ಹೊಸ ಬೋಲ್ಟ್ ಥ್ರೆಡ್‌ಗೆ ಆಂಟಿ-ಸೀಜ್ (ಮತ್ತೆ ಕಚ್ಚದಂತೆ ತಡೆಯುವ ಪೇಸ್ಟ್) ತೆಳುವಾಗಿ ಸವರಿ, ಎರಡನ್ನೂ ಸರದಿಯ ಮೇಲೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. 6ರ ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್, 8ರದಕ್ಕೆ 20ರ ಆಸುಪಾಸು. ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ.

ಕೂಲಂಟ್ ಡಬ್ಬಿ ಕಾನ್ಸಂಟ್ರೇಟ್ ಆಗಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಮಪ್ರಮಾಣದಲ್ಲಿ ಬೆರೆಸಿ. ರೆಡಿಮಿಕ್ಸ್ ಆದರೆ ಹಾಗೇ ಹಾಕಿ. ತಣ್ಣಗಿರುವ ಎಂಜಿನ್‌ನ ಕ್ಯಾಪ್ ತೆರೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಡಿ ಚಾಲೂ ಮಾಡಿ. ಗುಳ್ಳೆ ನಿಲ್ಲುವವರೆಗೆ ಮೇಲಿಂದ ತುಂಬಿಸುತ್ತ ಬನ್ನಿ. ಮೇಲಿನ ಹೋಸ್ ಮೊದಲು ತಣ್ಣಗಿದ್ದು ಆಮೇಲೆ ತಟ್ಟನೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಮರುದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಮಟ್ಟ ಇಳಿದಿದ್ದರೆ ತುಂಬಿಸಿ ಎಲ್ಬೋ ಅಡಿಗೆ ಬೆರಳಾಡಿಸಿ ತೇವ ಇದೆಯೇ ನೋಡಿ.